ಹತ್ತಿ ಹೂವಿನ ಸೂತಕ

ಜ್ಯೋತಿಲಕ್ಷ್ಮಿ ಸತ್ತ ಸುದ್ದಿ ಬಂದಾಗ ಅವಳ ತಾಯಿ ನೀಲಾಂಬಿಕ ಬೀಜದ ಕಂಪನಿಯವರಿಗೆ ರೊಟ್ಟಿ ಬಡಿಯುತ್ತಿದ್ದಳು.

ಪಡಸಾಲೆಯಲ್ಲಿ ಅವಳ ಮೈದುನ ಪರಮಶಿವಪ್ಪ ಅತಿಥಿಗಳ ನಡುವೆ ಕೂತಿದ್ದ. ಶಿಕಾರಿಪುರ ಸೀಮೆಯ ರೈತರಿಂದ ಬೀಜದ ಹತ್ತಿ ಬೆಳೆಸಿ ಕಂಪನಿಗೆ ಒಪ್ಪಿಸುವ ಆರ್ಗನೈಸರ್ ಅವನು. ಸೊಸೈಟಿಯ ಅಧ್ಯಕ್ಷ. ಮಠದ ಸಭೆಗಳಲ್ಲಿ ಮುಂದಿನ ಸಾಲಿನ ಮನುಷ್ಯ. ಅಣ್ಣ ಬೆನಕಪ್ಪ ತೀರಿಕೊಂಡ ಮೇಲೆ ಹೊಲ, ಮನೆ, ಅತ್ತಿಗೆ ಎಲ್ಲವೂ ಅವನ ಕೈಗೆ ಬಂದಿದ್ದವು. ನೀಲಾಂಬಿಕಳಿಗೆ ಉಳಿದದ್ದು ಒಲೆಯ ಮುಂದಿನ ಜಾಗ ಮತ್ತು ದೇವರ ಮನೆ. ಎಪ್ಪತ್ತು ದಾಟಿದ ಮೇಲೂ ಆ ಒಲೆಯ ಮುಂದಿನಿಂದ ಅವಳನ್ನು ಯಾರೂ ಏಳಿಸಿರಲಿಲ್ಲ.

ಮೈದುನನ ಮಗ ಸಿದ್ಧಲಿಂಗೇಶ್ ಫೋನು ಹಿಡಿದು ಅಡಿಗೆಮನೆಗೆ ಬಂದ.

"ದೊಡ್ಡವ್ವಾ, ಯಾರೋ ಸೊರಬದ ಕಡೆ ಹುಡುಗಿಯಂತೆ. ಫಾರಿನ್ನಿಂದ ಮಾಡ್ಯಾಳ. ನಿನ್ನನ್ನೇ ಕೇಳಾಕ ಹತ್ಯಾಳ."

ಅವಳ ಕೈಯೆಲ್ಲ ಹಿಟ್ಟಾಗಿತ್ತು. ಅವನೇ ಫೋನನ್ನು ಅವಳ ಕಿವಿಗೆ ಹಿಡಿದ.

"ಅಮ್ಮಾ, ನಾನು ಅರ್ಚಿತಾ. ಕುಬಟೂರಿನವಳು. ಇಲ್ಲಿ ರಾಟರ್‌ಡ್ಯಾಮಲ್ಲಿ ಓದ್ತಾ ಇದೀನಿ. ಜ್ಯೋತಕ್ಕ ನಮ್ಮ ಬೀದಿ ಪಕ್ಕದಲ್ಲೇ ಇದ್ರು. ಅಮ್ಮಾ... ಜ್ಯೋತಕ್ಕ ಹೋಗ್ಬಿಟ್ರು."

ನೀಲಾಂಬಿಕ ಒಂದೇ ಮಾತು ಕೇಳಿದಳು. "ಊಟ ಮಾಡಿದ್ಲಾ?"

ಹುಡುಗಿ ಅಳುವುದು ಕೇಳಿಸಿತು.

ಹಂಚಿನ ಮೇಲಿನ ರೊಟ್ಟಿ ಸೀದಿತು. ಪಡಸಾಲೆಯಿಂದ ಪರಮಶಿವಪ್ಪ ಕೂಗಿದ. "ಅತ್ತಿಗೆಮ್ಮಾ, ವಾಸನಿ ಬರಾಕ ಹತ್ತೈತಿ, ನೋಡ್ರಿ ಒಂಚೂರು."

ಅವಳು ಅಳಲಿಲ್ಲ. ಅಳಲು ಆಗದಷ್ಟು ಜನ ಮನೆಯಲ್ಲಿದ್ದರು. ಬಡಿಸಿದಳು. ಕಂಪನಿಯವನೊಬ್ಬ ಬದನೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡು "ಅಮ್ಮನ ಕೈರುಚಿ ಅಂದ್ರೆ ಇದು" ಎಂದ. ಅವರೆಲ್ಲ ಕಾರು ಹತ್ತಿ ಹೋದ ಮೇಲೆ ಅವಳು ಮೈದುನನಿಗೆ ಹೇಳಿದಳು.

"ಜ್ಯೋತಿ ಹೋದಳಂತೆ."

ಅವನು ಎಲೆಗೆ ಸುಣ್ಣ ಸವರುತ್ತಿದ್ದ. "ಆಕಿ ಹೋಗಿ ಇಪ್ಪತ್ತು ವರ್ಷ ಆತಲ್ಲ, ಅತ್ತಿಗೆಮ್ಮ. ಇವತ್ತು ಸುದ್ದಿ ಬಂತು, ಅಷ್ಟೇ" ಎಂದ. ಎಲೆ ಮಡಿಸಿ ಬಾಯಿಗಿಟ್ಟುಕೊಂಡ.

ಆ ಮನೆಯ ಗಂಡಸರು ಸತ್ತರೆ ಲಿಂಗೈಕ್ಯರಾದರು ಎನ್ನುತ್ತಾರೆ. ಬೆನಕಪ್ಪ ತೀರಿಕೊಂಡಾಗ ಬಸ್‌ಸ್ಟ್ಯಾಂಡಿನ ತನಕ ಫ್ಲೆಕ್ಸ್ ಕಟ್ಟಿದ್ದರು. ಅವನ ಮಗಳು ಸತ್ತ ದಿನ ಒಂದು ರೊಟ್ಟಿ ಸೀದುಹೋಯಿತು. ಬೇರೇನೂ ಆಗಲಿಲ್ಲ.

ಜ್ಯೋತಿ ಮಾಡಿದ ಅಪರಾಧ ಏನು?

ಅವಳು ಮದುವೆ ವಿಡಿಯೋ ತೆಗೆಯುತ್ತಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು ಶಿಕಾರಿಪುರದ ಸ್ಟುಡಿಯೋದಲ್ಲಿ ಕಸ ಗುಡಿಸಲು ಸೇರಿ ಕ್ಯಾಮೆರಾ ಕಲಿತಳು. ಹೆಂಗಸೊಬ್ಬಳು ಕ್ಯಾಮೆರಾ ಹೊತ್ತು ಮಂಟಪಕ್ಕೆ ಬಂದರೆ ಬೀಗರು ಮದುಮಕ್ಕಳನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. "ಏ ತಂಗಿ, ಅದು ನೀರಿನ ಕೊಡ ಅಲ್ಲ, ಎತ್ತಿ ಹಾಕೀಯ" ಎಂದು ಕಿಚಾಯಿಸುತ್ತಿದ್ದರು. "ಕೊಡ ಆಗಿದ್ರ ನಿಮ್ಮ ತಲಿ ಮ್ಯಾಲೆ ಎತ್ತಿ ಹಾಕ್ತಿದ್ದೆ, ಮಾವ. ಇದು ತುಟ್ಟಿ ಸಾಮಾನು" ಎನ್ನುತ್ತಿದ್ದಳು. ಅವಳ ಬಾಯಿಗೆ ಹೆದರಿ ಸುಮ್ಮನಾಗುತ್ತಿದ್ದರು.

ಒಂದು ಮಳೆಗಾಲ ಅವಳು ಆ ಕ್ಯಾಮೆರಾವನ್ನು ತನ್ನ ಮನೆಯವರ ಹತ್ತಿ ಹೊಲಕ್ಕೆ ತಂದಳು.

ಬೀಜದ ಹತ್ತಿಯನ್ನು ತಾನಾಗಿ ಕಾಯಿ ಕಟ್ಟಲು ಬಿಡುವುದಿಲ್ಲ. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನವೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಸೀಳಿ, ಅದರ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಗಿಡದ ಗಂಡು ಹೂವು ತಂದು ಅದಕ್ಕೆ ಒರೆಸಬೇಕು. ಒಂದೊಂದೇ ಹೂವು. ಇಡೀ ಹೊಲ. ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಇದಕ್ಕೆ ಸಣ್ಣ ಬೆರಳು ಬೇಕು. ಬಗ್ಗದೆ ಕೆಲಸ ಮಾಡುವ ಗಿಡದೆತ್ತರದ ಮೈ ಬೇಕು. ಹಾಗಾಗಿ ಶಾಲೆ ಬಿಡಿಸಿ ಹುಡುಗಿಯರನ್ನು ತರುತ್ತಿದ್ದರು. ಹೆಬ್ಬೆರಳ ಉಗುರು ಕಪ್ಪಾಗಿ, ಬುಡ ಬಾತು, ಕೀವು ತುಂಬುತ್ತಿತ್ತು. ಅನ್ನ ಕಲಸಲಾರದೆ ಮಕ್ಕಳು ತಟ್ಟೆಗೆ ಬಾಯಿ ಹಾಕಿ ತಿನ್ನುತ್ತಿದ್ದವು.

ಇನ್ನೊಂದು ಕಟ್ಟಳೆ ಇತ್ತು. ಮೈನೆರೆದ ಹುಡುಗಿ ಹೂವು ಮುಟ್ಟಬಾರದು. ಮುಟ್ಟಿದರೆ ಕಾಯಿ ಉದುರುತ್ತದೆ.

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಹುಟ್ಟಿಗಿಲ್ಲ, ಸಾವಿಗಿಲ್ಲ, ಮುಟ್ಟಿಗಿಲ್ಲ. ಪರಮಶಿವಪ್ಪ ಅದನ್ನು ವೇದಿಕೆ ಹತ್ತಿ ಕಣ್ಣು ಮುಚ್ಚಿ ಹೇಳುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿಂದ ಇಳಿದು ಹೊಲಕ್ಕೆ ಬಂದರೆ ಹತ್ತಿ ಹೂವಿಗೆ ಸೂತಕವಿತ್ತು.

ಕರಿಯಣ್ಣ ಊರ ಹೊರಗಿನ ಕೇರಿಯವನು, ಆ ಮನೆಯ ಆಳು. ಅವನ ಮಗಳು ಚೌಡಿ ಆ ವರ್ಷ ಮೈನೆರೆದಳು. ಅವಳನ್ನು ಹೂವಿನ ಕೆಲಸದಿಂದ ಬಿಡಿಸಿದರು. ಮನೆಗೆ ಕಳಿಸಲಿಲ್ಲ. ಔಷಧಿಗೆ ಹಾಕಿದರು. ಹುಳ ಕೊಲ್ಲುವ ವಿಷಕ್ಕೆ ನಮ್ಮ ಜನ ಔಷಧಿ ಎಂದೇ ಅನ್ನುವುದು. ಡ್ರಮ್ಮಿನ ನೀರಿಗೆ ಅದನ್ನು ಸುರಿದು ಕಲಸಬೇಕು. ಕೊಡದಲ್ಲಿ ಹೊತ್ತು ತಂದು ಗಂಡಸರ ಬೆನ್ನಿನ ಪಂಪಿಗೆ ತುಂಬಬೇಕು. ಹೊತ್ತಾಗ ತುಳುಕಿ ಕತ್ತು, ಎದೆ, ಬೆನ್ನು ಎಲ್ಲ ತೊಯ್ಯುತ್ತಿತ್ತು. ಹೂವು ಮುಟ್ಟಬಾರದ ಮೈಯನ್ನು ವಿಷ ಮುಟ್ಟಬಹುದಿತ್ತು.

ಜ್ಯೋತಿ ಎಲ್ಲವನ್ನೂ ತೆಗೆದಳು. ಮನೆಮಗಳು ತಾನೇ ಎಂದು ಯಾರೂ ತಡೆಯಲಿಲ್ಲ. ಪರಮಶಿವಪ್ಪ ತಲೆ ಬಾಚಿಕೊಂಡು ಬಂದು ಕ್ಯಾಮೆರಾದ ಮುಂದೆ ನಿಂತು ಎಲ್ಲ ಕಟ್ಟಳೆಗಳನ್ನೂ ತಾನೇ ವಿವರಿಸಿದ. ತನ್ನ ಬೀಜದ ಪ್ಲಾಟಿನ ಪ್ರಚಾರವಾಗುತ್ತದೆ ಎಂದುಕೊಂಡಿದ್ದ.

ಒಂದು ಮಧ್ಯಾಹ್ನ ಚೌಡಿ ಡ್ರಮ್ಮಿನ ಪಕ್ಕದಲ್ಲಿ ಬಿದ್ದಳು. ಬಾಯಲ್ಲಿ ನೊರೆ. ಗಂಡಸರು ಮೂಗಿಗೆ ಹಿಡಿಯಲು ಈರುಳ್ಳಿ ತರಲೆಂದು ಓಡಿದರು. ಜ್ಯೋತಿ ಕ್ಯಾಮೆರಾ ಕೆಳಗಿಟ್ಟು, ಹುಡುಗಿಯನ್ನು ಸೆರಗಿನಿಂದ ಬೆನ್ನಿಗೆ ಕಟ್ಟಿಕೊಂಡು, ಮೊಪೆಡ್ಡಿನಲ್ಲಿ ಶಿಕಾರಿಪುರಕ್ಕೆ ಒಯ್ದಳು. ಆಸ್ಪತ್ರೆ ಮುಟ್ಟುವಾಗ ಬೆನ್ನಿನ ಮೇಲಿನ ಭಾರ ಬದಲಾಗಿತ್ತು ಎಂದು ಅವಳು ಆಮೇಲೆ ತಾಯಿಗೆ ಹೇಳಿದ್ದಳು.

ಸಂಜೆಯೊಳಗೆ ಪರಮಶಿವಪ್ಪ ದೂರು ಕೊಟ್ಟಿದ್ದ. ಆಳಿನ ಮಗಳನ್ನು ಹೆತ್ತವರಿಗೆ ಹೇಳದೆ ಎತ್ತಿಕೊಂಡು ಹೋಗಿದ್ದಾಳೆ, ದಾರಿಯಲ್ಲಿ ಹುಡುಗಿ ಸತ್ತಿದ್ದಾಳೆ. ಆಸ್ಪತ್ರೆಗೆ ಒಯ್ದದ್ದು ಅಪಹರಣವಾಯಿತು. ವಿಷ ಎಲ್ಲಿಯೂ ಬರಲಿಲ್ಲ. ಹೊಲ ಎಲ್ಲಿಯೂ ಬರಲಿಲ್ಲ. ಕುಲಸ್ಥರು ಸೇರಿ ಅವಳಿಗೆ ಮನೆಯ ಬಾಗಿಲು, ಮಠದ ಬಾಗಿಲು, ಊರಿನ ಬಾಗಿಲು ಮೂರನ್ನೂ ಮುಚ್ಚಿದರು. ಅವಳು ಟೇಪುಗಳನ್ನು ಸೀರೆಯಲ್ಲಿ ಸುತ್ತಿಕೊಂಡು ಮುಂಬಯಿಗೆ ಹೋದಳು. ಅಲ್ಲಿ ಗೆಳತಿಯರ ನೆರವಿನಿಂದ ಸಿನಿಮಾ ಮುಗಿಸಿದಳು. ತೋರಿಸಲು ಹೊರದೇಶದವರು ಕರೆದರು. ಹೋದಳು. ಹಿಂದಿನಿಂದ ವಾರಂಟು ಬಂತು. ಅಪ್ಪ ಸತ್ತಾಗಲೂ ಬರಲಾಗಲಿಲ್ಲ. ಅಲ್ಲೇ ಉಳಿದಳು, ಅಲ್ಲೇ ಸತ್ತಳು.

ನೀಲಾಂಬಿಕಳಿಗೆ ಈಗ ಒಂದೇ ಒಂದು ಬೇಕಿತ್ತು. ಮಗಳು ಬೆನಕಪ್ಪನ ಸಮಾಧಿಯ ಪಕ್ಕದಲ್ಲಿ ಮಣ್ಣಾಗಬೇಕು. ತಾನೂ ನಾಳೆ ಅಲ್ಲಿಗೇ ಹೋಗುವವಳು. ಮೂವರೂ ಒಂದು ಕಡೆ ಇರಬೇಕು.

ಅರ್ಚಿತಾ ಬಂದದ್ದು ದೀಪಾವಳಿ ಕಳೆದ ಮೇಲೆ. ಬೆನ್ನಿಗೊಂದು ಚೀಲ, ಕೈಯಲ್ಲಿ ಬಟ್ಟೆ ಸುತ್ತಿದ ತಗಡಿನ ಡಬ್ಬಿ. ಪರಮಶಿವಪ್ಪ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಚಾ ಕೊಡಿಸಿದ. ಯಾರ ಮಗಳು, ಯಾರ ಮೊಮ್ಮಗಳು ಎಲ್ಲ ಕೇಳಿದ.

"ಓಹೋ, ಕುಬಟೂರು ಗಣಪಯ್ಯನೋರ ಮೊಮ್ಮಗಳಾ? ದೊಡ್ಡ ಮನೆತನ. ನಿಮಗ್ಯಾಕ ಬೇಕಿತ್ತವ್ವಾ ಈ ಉಸಾಬರಿ?"

"ಜ್ಯೋತಕ್ಕನೂ ದೊಡ್ಡ ಮನೆತನದವರೇ ಅಲ್ವಾ ಮಾವಯ್ಯ. ಇದೇ ಮನೆ."

ಅವನು ನಕ್ಕ. ನಗು ಕಣ್ಣಿನ ತನಕ ಹೋಗಲಿಲ್ಲ. "ಆ ಡಬ್ಬಿ ಒಳಗ ತರಬ್ಯಾಡ್ರಿ. ಕೊಟ್ಟಿಗೆಯಾಗ ಇಡ್ರಿ. ಸುಟ್ಟ ಹೆಣ ನಮ್ಮಲ್ಲಿ ನಡಿಯಂಗಿಲ್ಲ."

ಅವರಲ್ಲಿ ಸುಡುವುದಿಲ್ಲ. ಹೆಣವನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಹೂಳುತ್ತಾರೆ. ಆ ದೇಶದಲ್ಲಿ ಅನಾಥವಾದ ಹೆಣಕ್ಕೆ ಹಾಗೆ ಮಾಡುವವರು ಯಾರು? ಆಸ್ಪತ್ರೆಯವರು ಸುಟ್ಟರು. ಊರ ಅಯ್ಯನವರನ್ನು ಕರೆಸಿ ನೀಲಾಂಬಿಕ ಕೇಳಿದಳು. "ಕೂರಿಸಾಕ ಮೈಯೇ ಇಲ್ಲ, ಅವ್ವಾ. ಬೂದಿಗೆ ಎಲ್ಲಿಯ ವಿಧಿ?" ಎಂದು ಅವರು ಹಣೆಯ ತುಂಬ ಬೂದಿ ಬಳಿದುಕೊಂಡೇ ಹೇಳಿ ಹೋದರು.

ಕೊಟ್ಟಿಗೆಯ ಮೂಲೆಯಲ್ಲಿ ಡಬ್ಬಿಯ ಪಕ್ಕ ನೀಲಾಂಬಿಕ ಮತ್ತು ಅರ್ಚಿತಾ ಕೂತರು. ಅರ್ಚಿತಾ ಚೀಲದಿಂದ ಸಣ್ಣ ಬೆಳ್ಳಿಯ ಕರಡಿಗೆ ತೆಗೆದುಕೊಟ್ಟಳು. ಒಳಗೆ ಲಿಂಗವಿತ್ತು.

"ಕೊನೆ ತನಕ ಕೊರಳಲ್ಲೇ ಇತ್ತು, ಅಮ್ಮಾ."

ಅವಳು ಲಿಂಗ ಬಿಟ್ಟಿದ್ದಾಳೆ ಎಂದು ಊರು ಇಪ್ಪತ್ತು ವರ್ಷ ಆಡಿಕೊಂಡಿತ್ತು.

"ಅಲ್ಲಿ ಏನು ಮಾಡ್ತಿದ್ಲವ್ವಾ ಹೊಟ್ಟಿಗೆ?"

"ಮುದುಕರ ಆಶ್ರಮದಲ್ಲಿ ಹೇಲು ಉಚ್ಚೆ ಬಳೀತಿದ್ರು. ಬೆಳಿಗ್ಗೆ ಅದು. ಮಧ್ಯಾಹ್ನದ ಮೇಲೆ ಸಿನಿಮಾ." ಅರ್ಚಿತಾ ತಡೆದು ತಡೆದು ಹೇಳಿದಳು. "ಒಬ್ರೇ ಅಲ್ಲ. ಇರಾನಿನವರು ಒಬ್ರು, ಶ್ರೀಲಂಕಾದ ತಮಿಳಿನವರು ಒಬ್ರು, ಇನ್ನೂ ಕೆಲವರು. ಎಲ್ಲಾ ಹೆಂಗಸರೇ. ಎಲ್ಲಾ ಊರಿಂದ ಅಟ್ಟಿಸಿಕೊಂಡವರೇ. ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರು ದೀಪ ಹಿಡಿಯೋದು. ಅಲ್ಲಿಯವರು ಇದು ನಮ್ಮ ಕಥೆ ಅಲ್ಲ ಅಂದ್ರು. ಅವರವರ ದೇಶದವರು ಇವರು ನಮ್ಮವರಲ್ಲ ಅಂದ್ರು. ಸತ್ತ ಮೇಲೆ ಮನೆ ಓನರ್ ಟೇಪೆಲ್ಲ ಕಸದ ಜೊತೆ ಹೊರಗಿಟ್ಟಿದ್ದ, ಅಮ್ಮಾ. ಮಳೆ ಬರ್ತಿತ್ತು."

ಅವಳು ಅವನ್ನೆಲ್ಲ ತನ್ನ ಕೋಣೆಗೆ ಹೊತ್ತು ತಂದಿದ್ದಳು. ಬೂಷ್ಟು ಹಿಡಿದ ಟೇಪನ್ನು ಗೇಣು ಗೇಣಾಗಿ ಒರೆಸಿ, ಒಣಗಿಸಿ, ಓಡಿಸಿ ನೋಡಿದ್ದಳು. ಜ್ಯೋತಿಯದು ಮುಗಿದ ಮೇಲೆ ಇರಾನಿನ ಹೆಂಗಸಿನ ಟೇಪುಗಳಿಗಾಗಿ ಅವರ ನೆಲಮಾಳಿಗೆಗೂ ಹೋಗಿದ್ದಳು. ಓದು ಅರ್ಧಕ್ಕೆ ನಿಂತಿತ್ತು. ಮೊದಲು ಉಳಿದು ಬಂದದ್ದು ಹತ್ತಿ ಹೊಲದ ಸಿನಿಮಾ. ಅಲ್ಲಿ ಅದನ್ನು 'ಭಾರತದ ಒಂದು ಹಳ್ಳಿ, ತೆಗೆದವರು ಗೊತ್ತಿಲ್ಲ' ಎಂದು ತೋರಿಸುತ್ತಿದ್ದರಂತೆ. ಜ್ಯೋತಿ ಕೂತಿದ್ದ ಸಭೆಯಲ್ಲೇ ಹಾಗೆ ಹೇಳಿ ತೋರಿಸಿದ್ದೂ ಇತ್ತಂತೆ.

"ಎದ್ದು ಹೇಳಲಿಲ್ಲೇನು ಆಕಿ?"

"ಹೇಳಿದ್ರಂತೆ. ಕಾರ್ಯಕ್ರಮ ಮುಗೀಲಿ ಕೂತ್ಕೊಳ್ಳಿ ಅಂದ್ರಂತೆ."

ಸಗಣಿ ಬಾಚುತ್ತಿದ್ದ ಕರಿಯಣ್ಣ ಇದನ್ನೆಲ್ಲ ಕೇಳುತ್ತಿದ್ದ. ಈಗ ಅವನಿಗೂ ವಯಸ್ಸಾಗಿತ್ತು. ಮಗಳು ಸತ್ತ ಹೊಲದಲ್ಲೇ ದುಡಿದು ಬೆನ್ನು ಬಾಗಿತ್ತು. ಸಲಿಕೆ ಗೋಡೆಗೆ ಒರಗಿಸಿ ಹತ್ತಿರ ಬಂದ, ಆದರೆ ತೀರ ಹತ್ತಿರ ಬರಲಿಲ್ಲ.

"ಅವ್ವಾರೆ, ಒಂದು ಮಾತು. ಆ ಸಿನಿಮಾದಾಗ ನಮ್ಮ ಚೌಡಿ ಐತಂತಾ?"

ಅರ್ಚಿತಾ ತಲೆಯಾಡಿಸಿದಳು.

"ಮಾತಾಡ್ತತಾ?"

"ಮಾತಾಡ್ತಾಳೆ. ನಗ್ತಾಳೆ."

"ನಮ್ಮಲ್ಲಿ ಒಂದು ಫೋಟೋನೂ ಇಲ್ರೀ. ನಮ್ಮಾಕಿ ದುರುಗಮ್ಮಗ ಮಗಳ ಮಾರಿ ಮರ್ತುಹೋಗೈತಂತ. ಮೂಗು ನೆಪ್ಪೈತಂತ, ಕಣ್ಣು ನೆಪ್ಪಿಲ್ಲಂತ. ಒಂದು ಸರಿ ತೋರಿಸ್ರಿ, ಅವ್ವಾರೆ. ಸುಮ್ನ ನೋಡಿ ಬರ್ತೀವಿ. ಗದ್ದಲ ಮಾಡಲ್ಲ."

ಗದ್ದಲ ಮಾಡುವುದಿಲ್ಲ ಎಂದು ಅವನು ಮಾತು ಕೊಡಬೇಕಾಗಿತ್ತು. ನೀಲಾಂಬಿಕ ತಲೆ ತಗ್ಗಿಸಿದಳು. "ತೋರಿಸೋಣ" ಎಂದಳು.

ಅವತ್ತು ಸಂಜೆ ಕೊಟ್ಟಿಗೆ ಖಾಲಿಯಾದಾಗ ಅವಳು ತಗಡಿನ ಡಬ್ಬಿ ತೆರೆದಳು. ದನದ ಗಂಜಳದ ಪಕ್ಕ ಮಗಳನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಬೂದಿಯನ್ನು ಹಿತ್ತಾಳೆಯ ಚೆರಿಗೆಗೆ ಸುರಿದು, ಬಿಳಿ ವಸ್ತ್ರ ಮುಚ್ಚಿ, ದೇವರ ಮನೆಯ ಗೂಡಿನಲ್ಲಿಟ್ಟಳು. ಖಾಲಿ ಡಬ್ಬಿಗೆ ಮೊದಲಿನಂತೆಯೇ ಬಟ್ಟೆ ಸುತ್ತಿ ಕೊಟ್ಟಿಗೆಯಲ್ಲಿ ಬಿಟ್ಟಳು. ದಿನವೂ ಲಿಂಗಪೂಜೆಯ ಹೊತ್ತಿಗೆ ವಸ್ತ್ರ ಸರಿಸಿ ಒಂದು ಪತ್ರೆ ಇಡುತ್ತಿದ್ದಳು.

ಸಿನಿಮಾದ ಸುದ್ದಿ ಊರಿಗೆ ಹಬ್ಬಿತು. ಕೇರಿಯವರು ಯಾವತ್ತು ತೋರಿಸುತ್ತೀರಿ ಎಂದು ದಿನವೂ ಕೇಳತೊಡಗಿದರು. ಸೊಸೈಟಿಯ ಚುನಾವಣೆ ಹತ್ತಿರವಿತ್ತು. ಪರಮಶಿವಪ್ಪನ ದನಿ, ಅವನ ಬಾಚಿದ ತಲೆ, ಅವನು ಹೇಳಿದ ಕಟ್ಟಳೆ ಎಲ್ಲ ಅದರಲ್ಲಿದ್ದವು. ಒಂದು ಬೆಳಿಗ್ಗೆ ಅವನು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ದೇವರ ಮನೆಗೆ ಬಂದ. ನೀಲಾಂಬಿಕ ಪತ್ರೆ ಆಯುತ್ತಿದ್ದಳು. ಗೂಡಿನ ಚೆರಿಗೆಯ ವಸ್ತ್ರ ಸರಿದಿತ್ತು.

"ಅತ್ತಿಗೆಮ್ಮ, ಅಯ್ಯನೋರ ಹತ್ರ ಮಾತಾಡೀನಿ" ಎಂದ. ದನಿ ಮೆತ್ತಗಿತ್ತು. "ಬೂದಿಗೂ ಒಂದು ವಿಧಿ ಐತಂತ. ಅಣ್ಣನ ಸಮಾಧಿ ಬಾಜೂಕೇ ಗುಣಿ ತೆಗಸ್ತೀನಿ. ಶಿವಗಣಾರಾಧನಿ ಮಾಡೋಣ. ಊರಿಗೆಲ್ಲ ಊಟ. ಆಕಿ ಹೆಸರಾಗ ಫ್ಲೆಕ್ಸೂ ಹಾಕಸ್ತೀನಿ, ಆತಾ?"

ನೀಲಾಂಬಿಕಳ ಕೈ ನಿಂತಿತು. ಬೂದಿಗೆ ಇಲ್ಲದ ವಿಧಿ ಇವನು ಹೇಳಿದ ಮೇಲೆ ಹುಟ್ಟಿತ್ತು. ಆದರೂ ಅವಳ ಎದೆ ತುಂಬಿ ಬಂತು. ಅಪ್ಪನ ಪಕ್ಕ. ಅಯ್ಯನವರ ಬಾಯಲ್ಲಿ ಅವಳ ಹೆಸರು.

"ಆ ಸೊರಬದ ಹುಡುಗಿ ಸಿನಿಮಾನ ನನ್ನ ಕೈಗೆ ಕೊಟ್ಟು ಊರಿಗೆ ಹೋಗಲಿ. ಎಲ್ಲೆಲ್ಲಿ ಇಟ್ಟಾಳೋ ಎಲ್ಲಾ ಅಳಿಸಲಿ. ಇಷ್ಟೇ. ಸತ್ತಾಕಿಗೆ ಸಿನಿಮಾ ಕಟಗೊಂಡು ಏನಾಗಬೇಕೈತಿ?"

"ಕರಿಯಣ್ಣಗ ಮಾತು ಕೊಟ್ಟೀನಿ."

"ಆಳಿಗೆ ಕೊಟ್ಟ ಮಾತು ಒಂದು ಮಾತಾ?" ಅವನು ನಕ್ಕು, ಗೂಡಿನತ್ತ ಕೈ ಚಾಚಿದ. ಹಿಂದಿನ ವಾರ ಸಿದ್ಧಲಿಂಗೇಶ್ ಶ್ರೀಶೈಲಕ್ಕೆ ಹೋಗಿ ಭಸ್ಮ ತಂದಿದ್ದ. "ನಿಮ್ಮ ಮಗಳು ಬೇಕಾ, ಆಳಿನ ಮಗಳು ಬೇಕಾ, ನೀವೇ ಹೇಳ್ರಿ."

ಅವಳು ಹೂಂ ಎನ್ನುವುದರಲ್ಲಿದ್ದಳು. ಹೌದು, ಎನ್ನುವುದರಲ್ಲೇ ಇದ್ದಳು. ಮಗಳ ಮಣ್ಣು ಅಷ್ಟು ಹತ್ತಿರ ಬಂದಿತ್ತು.

ಪರಮಶಿವಪ್ಪ ಚೆರಿಗೆಗೆ ಮೂರು ಬೆರಳು ಅದ್ದಿದ. ಹಣೆಗೆ ಅಡ್ಡಡ್ಡ ಎಳೆದುಕೊಂಡ. ಎರಡು ತೋಳಿಗೆ, ಎದೆಗೆ ಬಳಿದುಕೊಂಡ. ಬಾಯಲ್ಲಿ ಶಿವನಾಮ. ಆಮೇಲೆ ಬೆರಳು ಉಜ್ಜಿ ನೋಡಿ ಮುಖ ಕಿವುಚಿದ.

"ಏನಿದು ಶ್ರೀಶೈಲದ ಭಸ್ಮ? ಮರಳು ಮರಳು ಐತಿ."

ನೀಲಾಂಬಿಕ ಅವನ ಹಣೆಯನ್ನೇ ನೋಡಿದಳು.

"ಅದು ಶ್ರೀಶೈಲದ್ದಲ್ಲ" ಎಂದಳು. "ಅದು ಜ್ಯೋತಿ."

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಬಾಯಿಂದ ಬಂದದ್ದು ಶಿವನಾಮವಲ್ಲ. "ಥೂ" ಎಂದ. ಬಚ್ಚಲಿಗೆ ಓಡಿದ. "ಸೋಪು ತರ್ರೇ, ಸೋಪು! ಥೂ ಮೈಲಿಗಿ! ಥೂ!" ಹಂಡೆಯಿಂದ ತಂಬಿಗೆ ತಂಬಿಗೆ ನೀರು ಮೊಗೆದು ಹಣೆ ಉಜ್ಜಿದ. ಎದೆ ಉಜ್ಜಿದ. ಉಗುಳಿದ. ಮತ್ತೆ ಉಜ್ಜಿದ. ವೇದಿಕೆಯ ಮೇಲೆ ವಿಭೂತಿ ಹಚ್ಚಿಕೊಂಡು ಸೂತಕವಿಲ್ಲ ಎಂದು ಸಾರಿದ ಮೈ ಅದು. ಅಣ್ಣನ ಮಗಳು ತಾಕಿದ್ದಕ್ಕೆ ಚರ್ಮ ಕಿತ್ತುಹೋಗುವಂತೆ ಉಜ್ಜಿಕೊಂಡ.

ನೀಲಾಂಬಿಕ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಸೋಪಿನ ನೊರೆಯ ಜೊತೆ ಬೂದಿ ಬಣ್ಣದ ನೀರು ಹರಿದು ಬಚ್ಚಲ ಕಂಡಿ ಸೇರುವುದನ್ನು ನೋಡಿದಳು. ಅವಳು ಹೆತ್ತ ಮೈ. ಅವಳು ಎರೆದ, ಒರೆಸಿದ, ತಲೆ ಬಾಚಿದ ಮೈ. ಎಷ್ಟೋ ಸಮುದ್ರ ದಾಟಿ ಮನೆಗೆ ಬಂದದ್ದು. ತಿಪ್ಪೆಯ ಕಡೆಗೆ ಹೋಯಿತು.

ಅವಳ ಬಾಯಿಗೆ ಆ ಮನೆಯಲ್ಲಿ ಎಂದೂ ಬಾರದ ದನಿ ಬಂತು.

"ಪರಮಶಿವಪ್ಪ, ಬೇಡ."

"ಏನು ಬೇಡ?"

"ನಿನ್ನ ಗುಣಿ ಬೇಡ. ನಿನ್ನ ಅಯ್ಯನೋರ ವಿಧಿ ಬೇಡ. ನಿನ್ನ ಊಟ ಬೇಡ. ಸಿನಿಮಾ ತೋರಸ್ತೀನಿ."

ಜೀವನದಲ್ಲಿ ಮೊದಲ ಸಲ ಅವಳು ಅವನನ್ನು ನೀನು ಎಂದಿದ್ದಳು. ಅವನು ಒದ್ದೆ ಮುಖ ಎತ್ತಿದ. "ತಲಿ ಕೆಟ್ಟೈತೇನು? ನನ್ನ ಹೊಲದಾಗ ಒಂದು ಗುದ್ದಲಿ ಏಟು ಬೀಳಂಗಿಲ್ಲ, ಹೇಳಿರ್ತೀನಿ. ನಾಳೆ ನೀವು ಸತ್ರೂ ಅಣ್ಣನ ಬಾಜೂಕ ಜಾಗ ಇಲ್ಲ."

"ನನಗೂ ಬೇಡ."

"ಎಲ್ಲಿಗೆ ಹೋಗ್ತೀರಿ ಈ ವಯಸ್ಸಿನಾಗ? ಯಾರು ರೊಟ್ಟಿ ಹಾಕ್ತಾರ?"

"ಇಷ್ಟು ವರ್ಷ ಈ ಮನಿಗೆ ರೊಟ್ಟಿ ಹಾಕಿದ್ದು ಯಾರು?"

ಅವಳು ದೇವರ ಮನೆಗೆ ಹೋದಳು. ಚೆರಿಗೆಗೆ ವಸ್ತ್ರ ಕಟ್ಟಿದಳು. ಕೊರಳಿನ ತನ್ನ ಲಿಂಗವನ್ನು ಮುಟ್ಟಿ ನೋಡಿಕೊಂಡಳು. ಅದು ಅವಳ ಜೊತೆ ಬರುತ್ತಿತ್ತು. ಬೇರೇನೂ ತೆಗೆದುಕೊಳ್ಳಲಿಲ್ಲ. ಚೆರಿಗೆಯನ್ನು ಅವುಚಿ ಹಿಡಿದು, ಸೆರಗು ಹೊದಿಸಿ, ಹೊಸಿಲು ದಾಟಿದಳು. ಸಿದ್ಧಲಿಂಗೇಶ್ "ದೊಡ್ಡವ್ವಾ, ದೊಡ್ಡವ್ವಾ" ಎಂದು ಎರಡು ಹೆಜ್ಜೆ ಬಂದ. ಅಪ್ಪ ಕೂಗಿದ ಕೂಡಲೇ ನಿಂತ.

ಬೀದಿಯಲ್ಲಿ ಹೆಂಗಸರು ಕೇಳಿದರು. "ಏನ್ರೀ ಅವ್ವಾರೆ, ಬೆಳಿಗ್ಗೆನೇ ಎಲ್ಲಿಗೆ?"

"ಮಗಳು ಬಂದಾಳ. ಕರಕೊಂಡು ಹೊಂಟೀನಿ."

ಅವರು ಮುಖ ಮುಖ ನೋಡಿಕೊಂಡರು. ಅವಳು ಊರು ಮುಗಿಯುವ ತನಕ ನಡೆದಳು. ಊರು ಮುಗಿದ ಮೇಲೂ ನಡೆದಳು. ಆ ಕೇರಿಗೆ ಅವಳು ಹಿಂದೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಕರಿಯಣ್ಣ ಅವಳನ್ನು ಕಂಡು ಹೆದರಿದ. ವಿಷಯ ಕೇಳಿ ಇನ್ನೂ ಹೆದರಿದ. "ಅವ್ವಾರೆ, ನಮ್ಮನ್ನ ನಾಳಿಂದ ಕೆಲಸಕ್ಕ ಕರೆಯಂಗಿಲ್ರೀ. ಇಡೀ ಕೇರಿ ಮ್ಯಾಲೆ ಬರ್ತತಿ. ನೀವು ದೊಡ್ಡೋರು, ಇವತ್ತು ಸಿಟ್ಟು ಮಾಡ್ತೀರಿ, ನಾಳೆ ಒಂದಾಗ್ತೀರಿ."

ಅದು ಸುಳ್ಳಲ್ಲ. ಒಳಗಿನಿಂದ ದುರುಗಮ್ಮ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಗಂಡನ ಮುಂದೆ ನಿಂತಳು.

"ಕೆಲಸಕ್ಕ ಕರದು ಕರದು ಏನು ಕೊಟ್ರು? ಹೆಣ ಕೊಟ್ರು. ಕರೀದಿದ್ರ ಕತ್ತಿ ಬಾಲ ಹೋತು. ಬರ್ರಿ ಅವ್ವಾರೆ ಒಳಗ. ಏ, ಆ ಕಂಬಳಿ ತಗಂಡು ಕಿಟಕಿಗೆ ಕಟ್ಟಾ. ಬೆಳಕು ಬಿದ್ರ ಸಿನಿಮಾ ಕಾಣಂಗಿಲ್ಲಂತ."

ಸುದ್ದಿ ತಿಳಿದ ಅರ್ಚಿತಾ ಶಿಕಾರಿಪುರದಿಂದ ಬಾಡಿಗೆಯ ಪ್ರೊಜೆಕ್ಟರ್ ತಂದಳು. ಕರಿಯಣ್ಣನ ಮನೆಯ ಗೋಡೆಗೆ ಪಂಚೆ ಕಟ್ಟಿದರು. ಕೇರಿಯೆಲ್ಲ ಒಳಗೆ ತುಂಬಿ, ಉಳಿದವರು ಬಾಗಿಲ ಕಂಬಳಿಯ ಸಂದಿನಲ್ಲಿ ತಲೆ ತೂರಿಸಿದರು.

ಗೋಡೆಯ ಮೇಲೆ ಹತ್ತಿ ಹೊಲ ಬಂತು. ಬದುವಿನ ಮೇಲೆ ನೀಲಿ ಡ್ರಮ್ಮಿನ ಪಕ್ಕ ಒಂದು ಹುಡುಗಿ ಕೂತಿದ್ದಳು. ಕಾಣದ ಕಡೆಯಿಂದ ಜ್ಯೋತಿಯ ದನಿ ಕೇಳಿತು. ನೀಲಾಂಬಿಕ ಬಾಯಿಗೆ ಸೆರಗು ತುಂಬಿಕೊಂಡಳು.

"ಚೌಡಿ, ಯಾಕ ಹೂವಿಗೆ ಹೋಗಲಿಲ್ಲ ಇವತ್ತು?"

"ದೊಡ್ಡಾಕಿ ಆಗೀನಂತ. ನಾ ಮುಟ್ಟಿದ್ರ ಹೂವಿಗೆ ಸೂತಕ ಅಂತ."

"ನಿಜ ಏನು?"

"ಯಾರಿಗೆ ಗೊತ್ತಕ್ಕಾ? ನಿನ್ನೆ ಕಳ್ಳತನದಾಗ ಒಂದು ಮುಟ್ಟೀನಿ. ನೋಡಾಮು ಉದುರ್ತತೋ ಇಲ್ಲೋ." ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಮ್ಮಪ್ಪಗ ಹೇಳಬ್ಯಾಡ. ಅವಗ ಕುಡದ್ರ ಹಾಡು, ಕುಡೀದಿದ್ರ ಹೆದರಿಕಿ."

ಕೇರಿ ಗೊಳ್ಳೆಂದು ನಕ್ಕಿತು. ಕರಿಯಣ್ಣನೂ ನಕ್ಕ. ನಗುತ್ತ ನಗುತ್ತ ಗೋಡೆಗೆ ಒರಗಿ ಕುಸಿದ. ದುರುಗಮ್ಮ ಎದ್ದು ಪಂಚೆಯ ಹತ್ತಿರ ಹೋಗಿ ಎರಡೂ ಕೈ ಅದರ ಮೇಲಿಟ್ಟಳು. ಚೌಡಿಯ ಮುಖ ಅವ್ವನ ಬೆನ್ನ ಮೇಲೆ ಬಿತ್ತು. ಪಕ್ಕಕ್ಕೆ ಸರಿ ಎಂದು ಯಾರೂ ಅನ್ನಲಿಲ್ಲ.

"ಕಣ್ಣು ನಮ್ಮವ್ವನ ಕಣ್ಣು" ಎಂದಳು ದುರುಗಮ್ಮ. "ನಾ ಹೇಳಿದ್ದೆ ಅಲ್ಲ? ನಮ್ಮವ್ವನ ಕಣ್ಣೇ."

ಆಮೇಲೆ ಪರಮಶಿವಪ್ಪ ಬಂದ. ತಲೆ ಬಾಚಿಕೊಂಡು, ನಗುತ್ತ. "ಹೊರಗಾದವಳನ್ನ ಹೂವಿಗೆ ಬಿಡಂಗಿಲ್ಲ ನಾವು, ಭಾಳ ಶುದ್ಧ. ಔಷಧಿ ಡ್ರಮ್ಮಿಗೆ ಹಾಕ್ತೀವಿ. ಅದಕ್ಕೇನೂ ಆಗಲ್ಲ." ಚೌಡಿಯ ಓರಗೆಯ ಹೆಂಗಸರು ಅಲ್ಲಿದ್ದರು. ತಮ್ಮ ಹೆಬ್ಬೆರಳುಗಳನ್ನು ನೋಡಿಕೊಂಡರು.

"ಇದನ್ನ ಪೇಟಿಯಾಗ ತೋರಿಸ್ರಿ" ಎಂದಳು ಅವರಲ್ಲೊಬ್ಬಳು. "ಸೊಸೈಟಿ ಮುಂದನೇ ತೋರಿಸ್ರಿ. ನಾವು ಬರ್ತೀವಿ. ಕೂಲಿ ಹೋದ್ರ ಹೋಗ್ಲಿ."

ಕೊನೆಯಲ್ಲಿ ಅಕ್ಷರಗಳು ಬಂದವು. ಅರ್ಚಿತಾ ಹೊಸದಾಗಿ ಸೇರಿಸಿದವು. ನೀಲಾಂಬಿಕ ಕೂಡಿಸಿ ಕೂಡಿಸಿ ಓದಿದಳು. ತೆಗೆದವರು: ಜ್ಯೋತಿಲಕ್ಷ್ಮಿ, ನೀಲಾಂಬಿಕಳ ಮಗಳು. ಅಪ್ಪನ ಹೆಸರು ಎಲ್ಲಿ ಎಂದು ಅವಳು ಕೇಳಲಿಲ್ಲ.

ಮಧ್ಯಾಹ್ನ ಕೇರಿಯ ಮಸಣಕ್ಕೆ ಹೋದರು. ಕಾಲುವೆಯಾಚೆ, ಅಂಜನಾಪುರ ಜಲಾಶಯದ ನೀರು ಎಂದೂ ಮುಟ್ಟದ ಬರಡು ಜಾಗ. ಚೌಡಿಯ ಗುಣಿಯ ಮೇಲೆ ಗುಂಡುಕಲ್ಲೊಂದು ಇತ್ತು. ಅದರ ಪಕ್ಕದಲ್ಲಿ ಕರಿಯಣ್ಣ ಅಗೆದ. ನೆಲ ಕಲ್ಲಾಗಿತ್ತು. ದುರುಗಮ್ಮ ಗುದ್ದಲಿ ಕಸಿದುಕೊಂಡು ತಾನೂ ಅಗೆದಳು. ಅರ್ಚಿತಾ ಕೈಯಿಂದ ಮಣ್ಣು ಎತ್ತಿ ಹಾಕಿದಳು. ನೀಲಾಂಬಿಕ ಬೂದಿಯನ್ನು ಗುಣಿಗೆ ಇಳಿಸಿ, ಅದರೊಳಗೆ ಮಗಳ ಲಿಂಗವನ್ನಿಟ್ಟು, ಪತ್ರೆ ಹಾಕಿದಳು.

"ಮಂತ್ರ ಯಾರು ಹೇಳ್ತಾರ್ರೀ, ಅವ್ವಾರೆ?" ಎಂದ ಕರಿಯಣ್ಣ.

"ನಾನೇ ಹೇಳ್ತೀನಿ."

ಅವಳಿಗೆ ಮಂತ್ರ ಬರುತ್ತಿರಲಿಲ್ಲ. ಅದನ್ನು ಹೆಂಗಸರಿಗೆ ಯಾರೂ ಕಲಿಸಿರಲಿಲ್ಲ. ಮಣ್ಣಿನಲ್ಲಿ ಮೊಳಕಾಲೂರಿ, ಎರಡೂ ಕೈ ಮುಗಿದು, ಬಂದ ಮಾತು ಹೇಳಿದಳು.

"ಶಿವನೇ, ನನ್ನ ಮಗಳನ್ನ ಒಪ್ಪಿಸ್ಕ. ಭಾಳ ದಿನ ನೆಲ ಇಲ್ಲದೆ ಇದ್ದಾಕಿ. ಯಾವ ಊರು, ಯಾರ ಪೈಕಿ, ಯಾಕ ಬಂದಿ ಅಂತ ಬಾಗಿಲಾಗ ನಿಲ್ಲಿಸಿ ಕೇಳಬ್ಯಾಡ. ಬಾಜೂಕಿನ ಕೂಸನ್ನೂ ಜೊತಿಗೆ ಕರ್ಕ. ಇಬ್ಬರನ್ನೂ ಒಂದೇ ಕಡೆ ಇಡು. ಇವರನ್ನ ಹಿಂಗ ಮಾಡಿದೋರಿಗೆ ನಿದ್ದಿ ಕೊಡಬ್ಯಾಡ ಅಂತ ಕೇಳಬೇಕು ಅನ್ನಸ್ತತಿ. ಇವತ್ತು ಕೇಳಲ್ಲ. ಇವತ್ತು ನಿನ್ನ ಹತ್ರ ಒಂದೇ ಕೇಳ್ತೀನಿ. ದುಡದು ದಣದಾಳ, ಶಿವನೇ. ಅಟ್ಟಿಸಿಕೊಂಡು ಅಟ್ಟಿಸಿಕೊಂಡು ದಣದಾಳ. ಇನ್ನ ಯಾರೂ ಎಬ್ಬಿಸದಂಗ ಮಲಗಿಸು. ಶಾಂತಿ ಕೊಡು ನನ್ನ ಮಗಳಿಗೆ."